ಹೆಸರಿಲ್ಲದ ಇಪ್ಪತ್ತೆರಡು ಸೆಕೆಂಡು

ಅಕ್ಷತಾ, ವೀಣಾ, ಮತ್ತೆ ಮುತ್ಯಾ,

ಮುತ್ಯಾನಿಗೆ ಸಾಲಿಯ ಹಾಜರಿಯಲ್ಲಿ ಬೇರೆ ಹೆಸರಿದೆ. ಅದು ನಿಮ್ಮ ಅಜ್ಜನ ಹೆಸರು. ಆದ್ದರಿಂದ ನಾನು ಅದನ್ನು ಬಾಯಿಂದ ಆಡುವುದಿಲ್ಲ, ಕೈಯಿಂದ ಬರೆಯುವುದೂ ಇಲ್ಲ. ಅವನು ಹುಟ್ಟಿದ ದಿನದಿಂದ ನನಗೆ ಮುತ್ಯಾ, ಅಂದರೆ ಅಜ್ಜ. ಈ ಬರಹದಲ್ಲಿ ಆ ಹೆಸರು ಬಹಳ ಕಡೆ ಬರಬೇಕಾಗಿತ್ತು. ಬಂದಲ್ಲೆಲ್ಲ ನಾನು ಸುತ್ತಿ ಬಳಸಿ ಹೋಗಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಮಂದಿಯ ಮುಂದೆ ದನಿ ಎತ್ತಿದವಳಲ್ಲ. ಕಂಡಕ್ಟರನಿಗೆ ದೊಡವಾಡ ಎಂದು ಹೇಳಲು ಧೈರ್ಯ ಕೂಡಿಸುವಷ್ಟರಲ್ಲಿ ಬಸ್ಸು ದೊಡವಾಡ ದಾಟಿರುತ್ತಿತ್ತು. ಆದರೆ ಎಮ್ಮೆಯ ಮುಂದೆ ನನಗೆ ನಾಚಿಕೆ ಇಲ್ಲ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ನಮ್ಮ ಎಮ್ಮೆ ಪಕ್ಕದವರ ಜೋಳಕ್ಕೆ ಹೊಕ್ಕಿತ್ತು. ಅದರ ತಾಯಿ, ಅಜ್ಜಿ, ಅದನ್ನು ಮಾರಿದ ದಲ್ಲಾಳಿ, ಎಲ್ಲರನ್ನೂ ಸೇರಿಸಿ ಬೈಯುತ್ತ ಹೊಡೆದುಕೊಂಡು ಬರುತ್ತಿದ್ದೆ. ಬೇಲಿಯ ಹತ್ತಿರ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಕಟಕೋಳದವಳು, ಹೈಸ್ಕೂಲಿನಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದವಳು. ಆ ನೌಕರಿ ಬಿಟ್ಟು ಒಂದು ಸಿನಿಮಾ ತೆಗೆಯುತ್ತಿದ್ದಳು. ನಾನು ಬೈದು ಮುಗಿಸುವವರೆಗೂ ಸುಮ್ಮನೆ ನಿಂತು ಕೇಳಿದಳು.

"ಕಾಕು, ಸಿನಿಮಾಕ್ಕ ಎಮ್ಮಿ ಬೇಕಂತ ಬಂದಿದ್ದೆ," ಅಂದಳು. "ಈಗ ನೀವೂ ಬೇಕು."

ನಾನು ಎಮ್ಮೆಯ ಹಿಂದೆ ಸರಿದು ನಿಂತೆ.

ಅವಳಿಗೆ ಬೇಕಾಗಿದ್ದು ನನ್ನ ಮುಖವಲ್ಲ, ದನಿ. ಅಷ್ಟು ಕೇಳಿ ನನಗೆ ಸಮಾಧಾನವಾಯಿತು. ಸಿನಿಮಾದಲ್ಲಿ ಮುದುಕಿಯ ಪಾತ್ರ ಮಾಡಿದಾಕೆ ಒಳ್ಳೆಯ ನಟಿ, ಆದರೆ ಮೈಸೂರು ಕಡೆಯವಳು. ನಡೆದರೆ, ಕುಂತರೆ, ಅತ್ತರೆ ನಮ್ಮ ಊರಿನ ಮುದುಕಿಯೇ. ಬಾಯಿ ತೆರೆದರೆ ಮೈಸೂರು. ಅವಳ ತುಟಿಗೆ ನಾನು ಮಾತು ಹಚ್ಚಬೇಕಿತ್ತು.

ಸಿನಿಮಾದ ಕಥೆ ಇಷ್ಟೇ. ಒಬ್ಬ ಮುದುಕಿಗೆ ದಾರಿಯ ಮಗ್ಗುಲಿಗೆ ಅರ್ಧ ಎಕರೆ ಹೊಲ. ಬಸ್ ನಿಲ್ದಾಣ ಕಟ್ಟಿಸುತ್ತೇವೆಂದು ಮಂತ್ರಿಯೊಬ್ಬ ಅದನ್ನು ತೆಗೆದುಕೊಳ್ಳುತ್ತಾನೆ. ನಾಲ್ಕು ಕಂಬದ ನೆರಳು ಎದ್ದು ನಿಲ್ಲುತ್ತದೆ. ಅದನ್ನು ಮೂರು ಸಲ ಉದ್ಘಾಟನೆ ಮಾಡುತ್ತಾರೆ, ಮೂರು ಕಲ್ಲು ನೆಡುತ್ತಾರೆ. ಬಸ್ಸು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಎಮ್ಮೆ ಬಂದು ಮಲಗುತ್ತದೆ. ನಾಲ್ಕನೆಯ ಸಲ ಮಂತ್ರಿ ಬಂದಾಗ ಮುದುಕಿ ವೇದಿಕೆ ಹತ್ತಿ, ಮೈಕು ಹಿಡಿದು, ಅವನ ಹೆಸರು ಹಿಡಿದು ಹೊಲ ಕೇಳುತ್ತಾಳೆ. ಇಡೀ ಸಿನಿಮಾ ಆ ಮೈಕಿನ ಸೀನಿಗಾಗಿ ತೆಗೆದಿದ್ದು ಎಂದು ನಿರ್ದೇಶಕಿ ಮೊದಲ ದಿನವೇ ಹೇಳಿದ್ದಳು.

ಆ ಮಂತ್ರಿಗೆ ಅವಳು ಇಟ್ಟ ಹೆಸರು ನಿಮ್ಮ ಅಜ್ಜನ ಹೆಸರಾಗಿತ್ತು.

ನಾನು ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ಓದಿದ ಹುಡುಗಿ, ಇದೆಂಥ ಹಳೆಯ ಕಾಲದ ಹೆಂಗಸು ಎಂದುಕೊಂಡಾಳು ಎಂದು ನಾಚಿಕೆಯಾಯಿತು.

ದನಿ ಹಿಡಿಯುವ ಕೋಣೆ ಬೈಲಹೊಂಗಲದ ಒಂದು ಗಾದಿ ಅಂಗಡಿಯ ಹಿಂಬದಿಯಲ್ಲಿತ್ತು. ಹತ್ತಿಯ ಗಾದಿಗಳನ್ನು ನಾಲ್ಕೂ ಗೋಡೆಗೆ ನಿಲ್ಲಿಸಿದ್ದರು, ಬಾಗಿಲಿಗೆ ಎರಡು ಗಾದಿ. ಹೊರಗಿನ ಸಪ್ಪಳ ಒಳಗೆ ಬರಬಾರದು, ಒಳಗಿನದು ಗೋಡೆಗೆ ಬಡಿದು ಮರಳಬಾರದು ಎಂದು. ಫ್ಯಾನು ಹಚ್ಚುವಂತಿಲ್ಲ, ಅದರ ಗುಂಯ್ ಸದ್ದೂ ಮೈಕಿಗೆ ಬರುತ್ತದೆ. ಮೈಕಿನ ಮುಂದೆ ಒಂದು ಬಳೆಗೆ ಕಾಲುಚೀಲ ಎಳೆದು ಕಟ್ಟಿದ್ದರು, ಮಾತಿನ ಗಾಳಿ ನೇರವಾಗಿ ಬಡಿಯಬಾರದಂತೆ. ಸೌಂಡಿನವ ಸವದತ್ತಿಯವನು. ಅಲ್ಲಿಯವರೆಗೆ ಭಜನೆ, ಭಾಷಣ, ಮದುವೆ ಇಷ್ಟೇ ಹಿಡಿದವನು. ಮಾತು ಕಡಿಮೆ, ಆದರೆ ಆಡಿದ ಒಂದೊಂದು ಮಾತೂ ಚುಚ್ಚುತ್ತಿತ್ತು.

ಕೆಲಸದ ರೀತಿ ಹೀಗೆ. ಎದುರಿನ ಪರದೆಯಲ್ಲಿ ಸೀನಿನ ತುಣುಕು ಬರುತ್ತದೆ. ಕಿವಿಯಲ್ಲಿ ಮೂರು ಸಲ ಬೀಪ್ ಅನ್ನುತ್ತದೆ. ನಾಲ್ಕನೆಯ ಬೀಪ್ ಬರಬೇಕಾದ ಜಾಗದಲ್ಲಿ ನಾವು ಮಾತು ಶುರು ಮಾಡಬೇಕು. ಪ, ಬ, ಮ ಈ ಅಕ್ಷರಗಳಿಗೆ ತುಟಿ ಕೂಡುತ್ತವೆ. ಪರದೆಯಲ್ಲಿ ನಟಿಯ ತುಟಿ ಕೂಡಿದಾಗ ನಮ್ಮ ಮಾತಿನಲ್ಲೂ ಅಂಥ ಅಕ್ಷರ ಬರಬೇಕು. ಇಲ್ಲದಿದ್ದರೆ ಮುದುಕಿ ಒಂದು ಮಾತಾಡಿದರೆ ತುಟಿ ಇನ್ನೊಂದು ಮಾತಾಡಿದಂತೆ ಕಾಣುತ್ತದೆ. ಮೊದಲ ದಿನ ನಾಲ್ಕು ಮಾತು ಮುಗಿಯಲು ಮಧ್ಯಾಹ್ನವಾಯಿತು. ಮೂರನೆಯ ದಿನ ಸೌಂಡಿನವ, "ಕಾಕು, ನೀವು ಮಷೀನ ಆಗೀರಿ," ಅಂದ. ಅದನ್ನು ಹೊಗಳಿಕೆ ಎಂದೇ ತಿಳಿದೆ.

ಬೇರೆ ಸೀನುಗಳಲ್ಲಿ ಹೆಸರು ಬಂದಾಗ ನಾನು ತಪ್ಪಿಸಿಕೊಂಡೆ. "ಅಂವಾ" ಅಂದೆ, "ಆ ಮನಷ್ಯಾ" ಅಂದೆ, "ಬೆಂಗಳೂರಾಗ ಕುಂತಾಂವ" ಅಂದೆ. ನಿರ್ದೇಶಕಿಗೆ ಬಹಳ ಹಿಡಿಸಿತು. ಬರೆದದ್ದಕ್ಕಿಂತ ಇದೇ ಚೆಂದ ಎಂದಳು. ಮೈಕಿನ ಸೀನಿನಲ್ಲಿ ಮಾತ್ರ ಓಡಿಹೋಗಲು ಜಾಗವಿರಲಿಲ್ಲ. ಮೂರು ಸಲ ಹೆಸರು, ಹೆಸರಿನ ಬೆನ್ನಿಗೆ "ನಿನ್ನ ಬಾಯಾಗ ಮಣ್ಣ ಬೀಳಲಿ". ನಿಮ್ಮ ಅಜ್ಜ ಬದುಕಿದ್ದಾಗ ಹಾಗೆ ಒಂದೆರಡು ಸಲ ಅನಿಸಿದ್ದು ಸುಳ್ಳಲ್ಲ. ಆದರೆ ಹೆಸರು ಹಿಡಿದು ಅಲ್ಲ.

ಮೂರು ಬೀಪ್ ಬಂದವು. ನಾನು ಕೆಮ್ಮಿದೆ. ಮತ್ತೆ ಮೂರು ಬೀಪ್. ನೀರು ಕೇಳಿದೆ. ಮತ್ತೆ ಬೀಪ್. ಗಾದಿಯ ಹತ್ತಿಯದು, ಅರಳಿ ಧೂಳು ಗಂಟಲಿಗೆ ಹೋಯಿತೆಂದು ಹೊರಗೆ ನಡೆದೆ. ಎರಡು ದಿನ ಹೀಗೆ ನಡೆಯಿತು.

"ಅರಳಿ ಧೂಳ ಭಾರೀ ಶಾಣ್ಯಾ ಐತಿ ನೋಡ್ರಿ," ಅಂದ ಸೌಂಡಿನವ. "ಒಂದ ಹೆಸರಿಗೆ ಅಷ್ಟ ಬರತೈತಿ."

ಕೊನೆಗೆ ನಿರ್ದೇಶಕಿ ತಾನೇ ಮುದುಕಿಯ ದನಿ ಮಾಡಿ ಆ ಮೂರು ಹೆಸರು ಹೇಳಿದಳು. ಸೌಂಡಿನವ ಅವನ್ನು ನನ್ನ ಮಾತಿನ ನಡುವೆ ಕೂಡಿಸಿದ. ನಾನು ಮನೆಗೆ ಬಂದು ಎಮ್ಮೆಗೆ ಮೇವು ಹಾಕಿದೆ. ಕೆಲಸ ಮುಗಿಯಿತು ಎಂದುಕೊಂಡೆ.

ಸಿನಿಮಾ ಟಾಕೀಸಿನಲ್ಲಿ ಹಚ್ಚಬೇಕಾದರೆ ಸೆನ್ಸಾರ್ ಸರ್ಟಿಫಿಕೇಟು ಬೇಕು. ಎಮ್ಮೆಗೆ ತೊಂದರೆ ಕೊಟ್ಟಿಲ್ಲವೆಂದು ದನದ ಡಾಕ್ಟರ್ ಬರೆದುಕೊಟ್ಟ ಕಾಗದ, ಅದರ ಮೇಲಿನ ಕಚೇರಿಯ ಒಪ್ಪಿಗೆ, ಎಲ್ಲ ಮೊದಲೇ ಬಂದಿದ್ದವು. ನಮ್ಮೆಲ್ಲರಿಗಿಂತ ಮುಂಚೆ ಪಾಸಾದದ್ದು ನಮ್ಮ ಎಮ್ಮೆ. ನಿರ್ದೇಶಕಿ ಸಿನಿಮಾ ತುಂಬಿದ, ಕಂಪ್ಯೂಟರಿಗೆ ಹಚ್ಚುವ ಡಬ್ಬಿ ಹಿಡಿದುಕೊಂಡು ಬೆಂಗಳೂರಿಗೆ ಹೋದಳು. ಅಲ್ಲಿ ಐದು ಮಂದಿ ಬಾಗಿಲು ಹಾಕಿಕೊಂಡು ನೋಡುತ್ತಾರಂತೆ. ತೆಗೆದವರು ಹೊರಗಿನ ಬಾಕಿನ ಮೇಲೆ ಕೂತಿರಬೇಕು. ಒಳಗೆ ಯಾರಾದರೂ ನಗುತ್ತಾರೇನು ಎಂದು ಅವಳು ಬಾಗಿಲಿಗೆ ಕಿವಿ ಕೊಟ್ಟಿದ್ದಳಂತೆ. ಒಬ್ಬರು ಸೀನಿದ್ದು ಬಿಟ್ಟರೆ ಏನೂ ಕೇಳಲಿಲ್ಲವಂತೆ.

ಅವಳು ಮರಳಿ ಬಂದದ್ದು ಒಂದು ಪಟ್ಟಿ ಹಿಡಿದುಕೊಂಡು. ಗಾದಿ ಕೋಣೆಯಲ್ಲಿ ಕೂತು ಸೌಂಡಿನವನಿಗೂ ನನಗೂ ಓದಿ ಹೇಳಿದಳು. ಸಿನಿಮಾದಲ್ಲಿ ಒಬ್ಬ ಮುದುಕ ಬೀಡಿ ಸೇದುವಾಗ ಕೆಳಗೆ ಎಚ್ಚರಿಕೆಯ ಅಕ್ಷರ ಬರಬೇಕು. ಅದು ಸುಲಭ. ಎಮ್ಮೆ ಉದ್ಘಾಟನೆಯ ಕಲ್ಲಿಗೆ ಮೈ ತಿಕ್ಕುವುದು ಎಂಟು ಸೆಕೆಂಡು ಇದೆ, ನಾಲ್ಕಕ್ಕೆ ಇಳಿಸಬೇಕು. ನಾಲ್ಕು ಸೆಕೆಂಡು ತಿಕ್ಕಿದರೆ ತುರಿಕೆ, ಎಂಟು ತಿಕ್ಕಿದರೆ ಅವಮಾನ ಎಂದು ನನಗೆ ಅವತ್ತು ಗೊತ್ತಾಯಿತು. ಮಂತ್ರಿಯ ಹೆಗಲ ಮೇಲಿನ ಶಾಲಿನ ಬಣ್ಣ ಯಾವ ಪಕ್ಷವನ್ನೂ ನೆನಪಿಸಬಾರದು. ಕಂಪ್ಯೂಟರಿನಲ್ಲಿ ಆ ಶಾಲಿಗೆ ಒಂದೊಂದೇ ಬಣ್ಣ ಹಚ್ಚಿ ನೋಡಿದರು. ಕೇಸರಿಗೆ ಒಡೆಯರಿದ್ದರು, ಹಸಿರಿಗೆ ಇದ್ದರು, ನೀಲಿ, ಕೆಂಪು, ಹಳದಿ ಎಲ್ಲಕ್ಕೂ ಯಾರೋ ಒಬ್ಬರು. ಕಡೆಗೆ ಬದನೆಕಾಯಿ ಬಣ್ಣ ಉಳಿಯಿತು. ಆ ಬಣ್ಣದಲ್ಲಿ ಮಂತ್ರಿ ಚಳಿಜ್ವರ ಬಂದವನಂತೆ ಕಾಣುತ್ತಿದ್ದ, ಇರಲಿ ಎಂದು ಬಿಟ್ಟರು.

ಪಟ್ಟಿಯ ಕೊನೆಯ ಮಾತು ಓದುವಾಗ ಅವಳ ದನಿ ಸಣ್ಣದಾಯಿತು. ಮಂತ್ರಿಯ ಹೆಸರು ಅಧಿಕಾರದಲ್ಲಿರುವ ಒಬ್ಬರ ಹೆಸರನ್ನು ಹೋಲುತ್ತದೆ. ಅದನ್ನು ಎಲ್ಲ ಕಡೆಯಿಂದ ತೆಗೆಯಬೇಕು. ಮೈಕಿನ ಸೀನನ್ನು ಪೂರ್ತಿ ಕೈಬಿಡಬೇಕು, ಅಥವಾ ಯಾವ ರಾಜಕಾರಣಿಗೂ ಇಲ್ಲದ ಹೆಸರು ಹಾಕಬೇಕು.

"ಹತ್ತ ದಿನ ಅದಾವು," ಅಂದಳು. "ಅಷ್ಟರಾಗ ಸರ್ಟಿಫಿಕೇಟ ಬರಲಿಲ್ಲಂದ್ರ ಪಿಕ್ಚರ ಹಚ್ಚೂದರಾಗ ಎಲೆಕ್ಷನ್ ಡಿಕ್ಲೇರ್ ಆಕ್ಕೈತಿ. ಆಮ್ಯಾಲ ಯಾ ಟಾಕೀಸಿನವ್ರೂ ಈ ಪಿಕ್ಚರ ಮುಟ್ಟಂಗಿಲ್ಲ ಕಾಕು."

ನಾನು ಒಳಗೊಳಗೆ ಖುಷಿಪಟ್ಟೆ, ಅದನ್ನು ಮುಚ್ಚಿಡುವುದಿಲ್ಲ. ಬೇರೆ ಹೆಸರಾದರೆ ನನಗೆ ಹೇಳಲು ಏನು ಅಡ್ಡಿ? ಆದರೆ ಯಾರಿಗೂ ಇಲ್ಲದ ಹೆಸರು ಹುಡುಕುವುದು ಎಂಥ ಕೆಲಸ ಎಂದು ನಮಗೆ ಗೊತ್ತಿರಲಿಲ್ಲ. ಅವಳು ಒಂದು ಹೆಸರು ಬರೆಯುವಳು, ಸುತ್ತಲಿನ ನಾಲ್ಕು ತಾಲೂಕಿನ ಪರಿಚಯದವರಿಗೆ ಫೋನು ಹಚ್ಚಿ ಕೇಳುವಳು. ಮೊದಲ ಹೆಸರಿನವರು ಕಿತ್ತೂರಿನಲ್ಲಿ ಸೊಸಾಯಿಟಿಯ ಅಧ್ಯಕ್ಷರು. ಎರಡನೆಯವರು ರಾಮದುರ್ಗದಲ್ಲಿ ಪುರಸಭೆಗೆ ನಿಲ್ಲುವವರು. ಮೂರನೆಯ ಹೆಸರಿನವರು ಸವದತ್ತಿಯಲ್ಲಿ ಇಬ್ಬರಿದ್ದರು, ಒಬ್ಬರು ಇನ್ನೊಬ್ಬರ ವಿರುದ್ಧ ಸೋತವರು. ಐದನೆಯ ದಿನ ಎಂಥದೋ ಹಳೆಯ ಕಾಲದ ಹೆಸರೊಂದು ಸಿಕ್ಕಿತು. ತೊರಗಲ್ಲಿನ ಕೋಟೆಯಲ್ಲಿ ಕಾವಲಿದ್ದವರಿಗೆ ಇದ್ದಿರಬಹುದಾದ ಹೆಸರು. ಯಾರಿಗೂ ಇರಲಿಲ್ಲ. ಅವಳು ಕುಣಿದಾಡಿದಳು. ಮರುದಿನ ಪೇಪರಿನಲ್ಲಿ ಆ ಹೆಸರಿನ ಮನುಷ್ಯ ಹಾರ ಹಾಕಿಕೊಂಡು ಒಂದು ಪಕ್ಷ ಸೇರಿದ ಫೋಟೋ ಬಂತು.

"ನಮ್ಮ ಕಡೆ ಹುಟ್ಟಿದ ಮ್ಯಾಲ ಎಲ್ಲಾರೂ ಏನರೆ ಒಂದ ಅಧ್ಯಕ್ಷ ಆಗೇ ಆಗತಾರು," ಅಂದ ಸೌಂಡಿನವ. "ಎಮ್ಮೀ ಹೆಸರ ಇಡ್ರಿ. ಅದರ ಹತ್ರ ಸರ್ಟಿಫಿಕೇಟ ಐತಿ."

ಆರನೆಯ ದಿನ ಮಧ್ಯಾಹ್ನ ನಿರ್ದೇಶಕಿ ಗಾದಿಗೆ ಒರಗಿ ಕೂತು, "ಮೈಕಿನ ಸೀನ ತಗದ ಬಿಡೂಣು," ಅಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳುತ್ತಿದ್ದೆನೇನೋ. ನೌಕರಿ ಬಿಟ್ಟು ಮಾಡಿದ ಕೆಲಸದ ಒಂದೇ ಒಂದು ಸೀನು ಅದು. ಅದನ್ನು ತೆಗೆದರೆ ಉಳಿಯುವುದು ಕಲ್ಲಿಗೆ ಮೈ ತಿಕ್ಕುವ ಎಮ್ಮೆ, ಅದೂ ನಾಲ್ಕು ಸೆಕೆಂಡು.

ನಾನು ಬಾಯಿ ತೆರೆದೆ. ನನ್ನ ಮಟ್ಟಿಗೆ ಅದು ಅವಳು ಬೆಂಗಳೂರಿಗೆ ಹೋದದ್ದಕ್ಕಿಂತ ದೊಡ್ಡ ಕೆಲಸ.

"ತಂಗಿ, ಅವತ್ತ ಧೂಳಲ್ಲ. ಆ ಹೆಸರು ನಮ್ಮ ಮನಿಯವರದು."

ಅವಳು ನನ್ನನ್ನೇ ನೋಡಿದಳು. ಸೌಂಡಿನವ ಕಿವಿಯ ಮೇಲಿನ ಹೆಡ್‌ಫೋನು ತೆಗೆದ.

"ಮತ್ತ ಇಷ್ಟ ವರ್ಷ ಹೆಂಗ ನಡಸೀರಿ ಕಾಕು? ಹೆಸರ ಹೇಳಲಾರದ?" ಅಂದ.

"ಹೇಳಲಾರದ ಹೇಳಿದೆ," ಅಂದೆ. "ನಮ್ಮ ಓಣ್ಯಾಗ ಯಾರೂ ಹೆಸರ ಹಿಡದಿಲ್ಲ. ಆದ್ರ ಯಾರ ಗಂಡ ಯಾರು ಅಂತ ಎಲ್ಲಾರಿಗೂ ತಿಳೀತಿತ್ತು."

ಆಮೇಲೆ ಒಡಪಿನ ಮಾತು ಹೇಳಿದೆ. ಅಕ್ಷತಾ, ವೀಣಾ, ನೀವು ಈಗಿನ ಮದುವೆಗಳಲ್ಲಿ ಡಿಜೆ ಗದ್ದಲದಲ್ಲಿ ಕೇಳಿರಲಿಕ್ಕಿಲ್ಲ. ಹೊಸ ಸೊಸೆ ಮನೆಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳು, ಆಮೇಲೆ ಒಳಗೆ ಬಾ ಅನ್ನುತ್ತಾರೆ. ಅವಳು ಬರಿ ಹೆಸರು ಹೇಳುವಂತಿಲ್ಲ. ಪ್ರಾಸ ಕೂಡಿದ ನಾಲ್ಕು ಸಾಲು ಕಟ್ಟಿ, ಕೊನೆಯ ಸಾಲಿನ ತುದಿಗೆ ಹೆಸರು ಹೇಳಬೇಕು. ಅದೇ ಒಡಪು. ನನ್ನ ಮದುವೆಯಲ್ಲಿ ನಾನು ಸಾಲುಗಳನ್ನೆಲ್ಲ ಹೇಳಿ, ಹೆಸರಿನ ಹತ್ತಿರ ಬಂದು ನಿಂತೆ. ಬಾಯಿ ಬರಲಿಲ್ಲ. ಅಲ್ಲಿದ್ದ ಹೆಂಗಸರೆಲ್ಲ ಒಂದೇ ಉಸಿರಿಗೆ ಹೆಸರು ಕೂಗಿ ನನ್ನನ್ನು ಒಳಗೆ ತಳ್ಳಿದರು.

"ಮುದುಕಿ ಮೈಕ ಹಿಡದು ಒಡಪ ಹೇಳಲಿ," ಅಂದೆ. "ಹೆಸರಿನ ಹತ್ರ ಬಂದು ನಿಂದರಲಿ. ಅವರಿಗೆ ಕತ್ತರಸಾಕ ಹೆಸರರೆ ಎಲ್ಲಿ ಸಿಗತೈತಿ?"

ನಿರ್ದೇಶಕಿ ಎದ್ದು ಕೂತಳು.

ಆ ಇಪ್ಪತ್ತೆರಡು ಸೆಕೆಂಡಿಗೆ ನಾವು ಮೂರು ದಿನ ದುಡಿದೆವು. ಮೊದಲು ಸೀನನ್ನು ನಿಧಾನ ಮಾಡಿ ನೋಡಿದೆವು, ನಟಿಯ ತುಟಿ ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಎಂದು. ಅರ್ಧ ಕಡೆ ದಪ್ಪ ಮೈಕು ಬಾಯಿಗೆ ಅಡ್ಡವಿತ್ತು. ಇನ್ನೆರಡು ಕಡೆ ಜನರ ಮುಖ ತೋರಿಸಿದ್ದರು. ಉಳಿದಲ್ಲಿ ತುಟಿ ಕೂಡುವ ಜಾಗಗಳಿಗೆ ನಿರ್ದೇಶಕಿ ಹಾಳೆಯ ಮೇಲೆ ಚುಕ್ಕಿ ಹಾಕಿದಳು. ಆ ಚುಕ್ಕಿಗಳಿಗೆ ಸರಿಯಾಗಿ ನಾನು ಮಾತು ಕೂಡಿಸಬೇಕು, ಪ್ರಾಸವೂ ಕೂಡಬೇಕು, ನಮ್ಮ ಹೆಣ್ಣುಮಕ್ಕಳು ಕೇಳಿದರೆ ಒಡಪು ಎಂದು ಒಪ್ಪಬೇಕು. ರೊಟ್ಟಿ ಬಡಿಯುತ್ತ ಕಟ್ಟಿದೆ, ಸಗಣಿ ಬಾಚುತ್ತ ಕೆಡಿಸಿದೆ. ಕೊನೆಗೆ ನಿಂತದ್ದು ಇದು:

ಹಾದಿ ಮಗ್ಗಲ ನನ್ನ ಹೊಲ, ಹೊಲದಾಗ ಬೆಳದೈತಿ ಕಲ್ಲು,
ಕಲ್ಲಿಗೊಂದು ಚೆಂಡುಹೂವಿನ ಹಾರ, ಹಾರದ ಹಿಂದ ಹಲ್ಲು,
ಮೂರು ಸಲ ರಿಬ್ಬನ್ ಕತ್ತರಿಸಿದ್ರು, ಬಸ್ಸಿಗ್ಯಾರೂ ಅನಲಿಲ್ಲ ನಿಲ್ಲು,
ಹೊಲಾ ನುಂಗಿ ನೆಳ್ಳು ಕೊಟ್ಟವರ ಹೆಸರ ಹೇಳತೇನಿ, ಕೇಳ್ರಿ ಎಲ್ಲಾರು

ಇಲ್ಲಿ ನಿಲ್ಲಬೇಕು. ಪರದೆಯಲ್ಲಿ ನಟಿ ಮೊದಲು ಆಡಿದ್ದ ಹೆಸರಿನ ಮೊದಲ ಅಕ್ಷರಕ್ಕೆ ತುಟಿ ಕೂಡುತ್ತವೆ. ತುಟಿ ಕೂಡಿದ್ದಷ್ಟೇ ಇಟ್ಟು, ತೆರೆಯುವ ಮುಂಚೆ ನಿರ್ದೇಶಕಿ ಕತ್ತರಿಸಿದಳು. ಆ ಚಿತ್ರವನ್ನು ಎರಡು ಸೆಕೆಂಡು ಹಾಗೇ ನಿಲ್ಲಿಸಿದಳು. ನೋಡಿದರೆ ಮುದುಕಿ ನಾಚಿ ಹೆಸರು ನುಂಗಿದಂತೆಯೇ ಕಾಣುತ್ತಿತ್ತು. ಮಂದಿಯ ಮುಂದೆ ನಾನು ನಿಂತರೆ ಹೇಗೆ ಕಾಣುತ್ತೇನೋ ಹಾಗೆ.

ದನಿ ಹಿಡಿಯುವಾಗ ಮೂವತ್ತು ಸಲವಾದರೂ ಹೇಳಿರಬೇಕು. ಒಮ್ಮೆ ಹಲ್ಲು ಎನ್ನುವಲ್ಲಿ ಮುಂದೆ ಓಡಿದೆ, ಒಮ್ಮೆ ಹೊರಗೆ ಬಸ್ಸಿನ ಹಾರ್ನು, ಒಮ್ಮೆ ಗಾದಿ ಅಂಗಡಿಯವರು ಬಾಗಿಲಿನ ಗಾದಿಯನ್ನೇ ಗಿರಾಕಿಗೆ ತೋರಿಸಲು ಎತ್ತಿಕೊಂಡು ಹೋದರು. ಕೊನೆಯ ಸಲ ಹೇಳಿ ನಿಂತಾಗ ಸೌಂಡಿನವ ಮಷೀನು ನಿಲ್ಲಿಸಿದ. ನಿಲ್ಲಿಸುತ್ತ ತಾನಾಗಿಯೇ ಒಂದು ಹೆಸರು ಗೊಣಗಿದ. ಅದು ಅವರ ಸವದತ್ತಿ ಕಡೆಯ ಒಬ್ಬ ಮುಖಂಡರದು.

"ಯಾಕ ತಮ್ಮಾ, ಅವರ ಹೆಸರ ಯಾಕ ತಗೊಂಡಿ?" ಅಂದೆ.

"ನೀವು ನಿಂತ್ರಲ್ಲ," ಅಂದ. "ಬಾಯಿಗೆ ಬಂತು."

ಎರಡನೆಯ ಸಲ ಬೆಂಗಳೂರಿನಲ್ಲಿ ಒಂಬತ್ತು ಮಂದಿಯ ದೊಡ್ಡ ಕಮಿಟಿ ನೋಡುವುದಿತ್ತು. ಒಡಪಿನ ವಿಷಯ ಕೇಳಿದರೆ ಯಾರು ಹೇಳುವುದು ಎಂದು ನಿರ್ದೇಶಕಿ ನನ್ನನ್ನೂ ಕರೆದುಕೊಂಡು ಹೋದಳು. ನಾವು ಬಾಕಿನ ಮೇಲೆ ಕೂತೆವು. ಬಾಗಿಲಿನ ಒಳಗಿಂದ ನನ್ನದೇ ದನಿ ಸಣ್ಣಗೆ ಕೇಳುತ್ತಿತ್ತು. ನನಗೆ ಎದ್ದು ಓಡಿಹೋಗಬೇಕೆನಿಸಿತು. ಸಿನಿಮಾ ಮುಗಿದ ಮೇಲೆ ಇಬ್ಬರನ್ನೂ ಒಳಗೆ ಕರೆದರು. ನಡುವಿನ ಕುರ್ಚಿಯಲ್ಲಿದ್ದ ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅಮ್ಮಾ, ಮೈಕ್ ಹಿಡಿದುಕೊಂಡು ಯಾರ ಹೆಸರು ಹೇಳಲು ಹೊರಟಿದ್ದೀರಿ?"

"ನಾ ಹೇಳಿಲ್ಲರಿ ಸಾಹೇಬ್ರ."

"ಹೇಳಿಲ್ಲ, ಸರಿ. ಮನಸ್ಸಿನಲ್ಲಿ ಯಾರಿದ್ದರು?"

ನನಗೆ ನಿಜವಾಗಿಯೂ ತಿಳಿಯಲಿಲ್ಲ. "ಮನಸಿನ್ಯಾಗ ಇದ್ದದ್ದನ್ನೂ ಆ ಪಟ್ಟ್ಯಾಗ ಬರಸಬೇಕೇನ್ರಿ?" ಎಂದು ಕೇಳಿದೆ. ಅಂಚಿನ ಕುರ್ಚಿಯಲ್ಲಿದ್ದ ಒಬ್ಬ ಅಕ್ಕನವರು, ನಮ್ಮ ಕಡೆಯವರಿರಬೇಕು, ಸೆರಗಿನಿಂದ ಮುಖ ಒರೆಸಿಕೊಂಡರು.

ಅಧಿಕಾರಿ ಬಿಡಲಿಲ್ಲ. "ಹಿಂದಿನ ಪ್ರತಿಯಲ್ಲಿ ಇದೇ ಮುದುಕಿ ಹೆಸರು ಹೇಳಿದ್ದಾಳೆ. ಈಗ ನಾಚಿಕೊಂಡಂತೆ ನಿಲ್ಲುತ್ತಾಳೆ. ಇದು ನಮ್ಮ ಕಣ್ಣಿಗೆ ಮಣ್ಣೆರಚುವ ಉಪಾಯ ಅಲ್ಲವೇ?"

"ಹಿಂದಕೂ ನಾ ಹೇಳಿಲ್ಲರಿ. ಅದು ಈ ತಂಗೀ ದನಿ."

"ನೀವು ಯಾಕೆ ಹೇಳಲಿಲ್ಲ?"

ಒಂಬತ್ತು ಮಂದಿ ನೋಡುತ್ತಿದ್ದರು. ನಾನು ಚೀಲ ಬಿಚ್ಚಿ, ಆಧಾರ್ ಕಾರ್ಡು ತೆಗೆದು, ಹಿಂಬದಿ ತಿರುವಿ, ಗಂಡನ ಹೆಸರಿದ್ದ ಜಾಗದ ಕೆಳಗೆ ಬೆರಳಿಟ್ಟು ಅವರ ಮುಂದೆ ಹಿಡಿದೆ. ಅವರು ಓದಿದರು. ತಮ್ಮ ಹಳೆಯ ಪಟ್ಟಿ ನೋಡಿದರು. ಮತ್ತೆ ಕಾರ್ಡು ಓದಿದರು. ಪಕ್ಕದವರಿಗೆ ಕೊಟ್ಟರು. ನನ್ನ ಕಾರ್ಡು ಒಂಬತ್ತೂ ಕೈ ಸುತ್ತಿ ಬಂತು.

"ಒಂದು ಸಲವೂ ಹೇಳಿಲ್ಲವೇ?" ಎಂದು ಅಧಿಕಾರಿ ಕೇಳಿದರು. ಈ ಸಲದ ದನಿ ಬೇರೆ ಇತ್ತು.

"ಇಲ್ಲರಿ. ಕಡೀಕ ದವಾಖಾನ್ಯಾಗ ಕೇಳಿದಾಗೂ ಮಗನೇ ಹೇಳಿದ."

ಅಂಚಿನ ಕುರ್ಚಿಯ ಅಕ್ಕನವರು ಒಡಪು ಅಂದರೇನೆಂದು ಉಳಿದವರಿಗೆ ತಿಳಿಸಿ ಹೇಳಿದರು. ನಮ್ಮನ್ನು ಮತ್ತೆ ಹೊರಗೆ ಕಳಿಸಿದರು. ಒಂದು ತಾಸು ಬಿಟ್ಟು ಕರೆದರು. ಇಲ್ಲದ ಹೆಸರನ್ನು ತೆಗೆಯಿರಿ ಎಂದು ಬರೆಯಲು ಅವರ ನಿಯಮದಲ್ಲಿ ಜಾಗವಿರಲಿಲ್ಲವಂತೆ. ಆದರೆ ಯಾವುದಕ್ಕೂ ಇರಲಿ ಎಂದು ಒಂದು ಷರತ್ತು ಹಾಕಿದರು. ಆ ಎರಡು ಸೆಕೆಂಡು ಮುದುಕಿ ಸುಮ್ಮನೆ ನಿಂತಾಗ ಪರದೆಯ ಕೆಳಗೆ, ಬೀಡಿಯ ಎಚ್ಚರಿಕೆಯಂತೆ, ದೊಡ್ಡ ಬಿಳಿ ಅಕ್ಷರದಲ್ಲಿ ಹೀಗೆ ಬರಬೇಕು: ಈ ದೃಶ್ಯದಲ್ಲಿ ಯಾವುದೇ ವ್ಯಕ್ತಿಯ ಹೆಸರನ್ನು ಹೇಳಿರುವುದಿಲ್ಲ.

ನಿರ್ದೇಶಕಿ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಆಗ ಯಾಕೆಂದು ತಿಳಿಯಲಿಲ್ಲ.

ತಿಳಿದದ್ದು ಬೈಲಹೊಂಗಲದ ಟಾಕೀಸಿನಲ್ಲಿ, ಶುಕ್ರವಾರದ ಮ್ಯಾಟಿನಿಯಲ್ಲಿ. ನಾನು ಹಿಂದಿನ ಸಾಲಿನಲ್ಲಿ ಸೆರಗು ಮುಚ್ಚಿಕೊಂಡು ಕೂತಿದ್ದೆ. ಹೆಂಗಸರು ಬಹಳ ಬಂದಿದ್ದರು. ಮುದುಕಿ ಮೈಕು ಹಿಡಿದಳು, ಹಾದಿ ಮಗ್ಗಲ ಎಂದು ಶುರು ಮಾಡಿದಳು. ಎರಡನೆಯ ಸಾಲಿಗೆ ಹೆಂಗಸರಿಗೆ ಒಡಪು ಎಂದು ಗೊತ್ತಾಯಿತು, ಟಾಕೀಸು ಗಪ್ಪಾಯಿತು. ಕೇಳ್ರಿ ಎಲ್ಲಾರು. ತುಟಿ ಕೂಡಿದವು. ಕೆಳಗೆ ಬಿಳಿ ಅಕ್ಷರ ಬಂದವು.

ಮುಂದಿನ ಸಾಲಿನಿಂದ ಒಬ್ಬಾಕೆ ಹೆಸರು ಕೂಗಿದಳು. ಆಮೇಲೆ ಇಡೀ ಟಾಕೀಸು ಕೂಗಿತು.

ಅದು ಬೈಲಹೊಂಗಲದವರಿಗೆ ಗೊತ್ತಿದ್ದ ಒಬ್ಬರ ಹೆಸರು. ಮರುದಿನ ಕಿತ್ತೂರಿನಲ್ಲಿ ಬೇರೆ ಹೆಸರು ಬಂತು. ಸವದತ್ತಿಯಲ್ಲಿ ಸೌಂಡಿನವ ಗೊಣಗಿದ್ದ ಹೆಸರೇ ಬಂತು, ಆದರೆ ಎರಡನೆಯ ಆಟದಲ್ಲಿ ಇನ್ನೊಂದು. ಸೆನ್ಸಾರಿನವರು ಅಷ್ಟು ಜೋಪಾನ ಮಾಡಿದ ಆ ದೊಡ್ಡವರ ಹೆಸರು, ನಿಮ್ಮ ಅಜ್ಜನದೂ ಆದದ್ದು, ಯಾವ ಊರಿನಲ್ಲೂ ಯಾರ ಬಾಯಿಗೂ ಬರಲಿಲ್ಲ. ನನಗೆ ಎಷ್ಟು ಹಗುರಾಯಿತೆಂದರೆ ಸವದತ್ತಿಯಲ್ಲಿ ನಾನೂ ಮಂದಿಯ ಜೊತೆ ಕೂಗಿದೆ.

ರಾಮದುರ್ಗದಲ್ಲಿ ಒಟ್ಟಿಗೆ ಎರಡು ಹೆಸರು ಬಂದವು. ಎಡಗಡೆಯವರು ಒಂದು ಕೂಗಿದರು, ಬಲಗಡೆಯವರು ಇನ್ನೊಂದು. ಎರಡೂ ಕಡೆಯ ಬೆಂಬಲಿಗರು ಎದ್ದು ನಿಂತರು. ಆಟ ಮುಗಿದ ಮೇಲೆ ಒಂದು ಪಕ್ಷದವನು ಸಿನಿಮಾ ನಿಲ್ಲಿಸಬೇಕೆಂದು ಠಾಣೆಗೆ ಹೋದ. ನಿರ್ದೇಶಕಿಯನ್ನೂ ನನ್ನನ್ನೂ ಕರೆಸಿದರು. ಫೌಜದಾರರು ಬರೆಯಲು ಕಾಗದ ತೆಗೆದುಕೊಂಡರು.

"ಪಿಕ್ಚರಿನ್ಯಾಗ ಯಾರ ಹೆಸರ ತಗೊಂಡಾರು?"

"ಹೆಸರ ತಗೊಂಡಿಲ್ಲರಿ," ಅಂದ ಅವನು. "ಆದ್ರ ನಮ್ಮ ಸಾಹೇಬ್ರಿಗೇ ಅಂದಾರು."

"ಹೊಲಾ ನುಂಗಿದವರ ಹೆಸರು ಅಂತ ಐತಿ ಇಲ್ಲೆ. ಅದು ನಿಮ್ಮ ಸಾಹೇಬ್ರು ಅಂತ ನಿಮಗ ಹೆಂಗ ಗೊತ್ತಾತು?"

ಫೌಜದಾರರು ಪೆನ್ನಿನ ಮುಚ್ಚಳ ತೆಗೆದರು.

"ಹಂಗ ಬರಕೊಳ್ಳಲ್ಯಾ? ಹೊಲಾ ನುಂಗಿದವರು ಅಂದ ಕೂಡ್ಲೇ ನಮಗ ನಮ್ಮ ಸಾಹೇಬ್ರು ನೆನಪಾದ್ರು ಅಂತ?"

ಅವನು ಎದ್ದು ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ. ಮರಳಿ ಬಂದು, ಕಂಪ್ಲೇಂಟು ಬೇಡ ಅಂದ. ಫೌಜದಾರರು ನಮಗೆ ಚಹಾ ತರಿಸಿದರು. ಸಿನಿಮಾ ಎಂಟು ದಿನ ಓಡಿತು. ಒಂಬತ್ತನೆಯ ದಿನ ಚುನಾವಣೆ ಘೋಷಣೆಯಾಯಿತು, ಟಾಕೀಸಿನವರು ಪೋಸ್ಟರು ಇಳಿಸಿದರು.

ಆಮೇಲೆ ಅದನ್ನು ಫೋನಿನಲ್ಲಿ ತೋರಿಸುವ ಒಂದು ಕಂಪನಿ ತೆಗೆದುಕೊಂಡಿತು. ಅವರ ವಕೀಲರು ನೋಡಿದರಂತೆ. ಕಮಿಟಿ ಇಲ್ಲ, ಪಟ್ಟಿ ಇಲ್ಲ, ಬಾಕಿನ ಮೇಲೆ ಕೂಡ್ರಿಸಲಿಲ್ಲ, ಕರೆದು ಕೇಳಲಿಲ್ಲ, ತಾವೇ ಕತ್ತರಿಸಿದರು. ಹೋದ ತಿಂಗಳು ವೀಣಾಳ ಫೋನಿನಲ್ಲಿ ನೀವು ಮೂವರೂ ನೋಡಿದ್ದು ಅದನ್ನೇ. ಮುದುಕಿ ವೇದಿಕೆ ಹತ್ತುತ್ತಾಳೆ, ಮೈಕು ಹಿಡಿಯುತ್ತಾಳೆ, ಮರುಕ್ಷಣ ಜನ ಎದ್ದು ಚಪ್ಪಾಳೆ ತಟ್ಟುತ್ತಾರೆ. "ಆಯಿ, ಆಕಿ ಏನೂ ಅನ್ನಲೇ ಇಲ್ಲ, ಮಂದಿ ಯಾಕ ಚಪ್ಪಾಳಿ ಹೊಡದ್ರು?" ಎಂದು ಮುತ್ಯಾ ಕೇಳಿದ. ನಾನು ಆಗ ರೊಟ್ಟಿ ಹೊತ್ತುತ್ತದೆಂದು ಎದ್ದು ಹೋದೆ. ಅವನಿಗೆ ಉತ್ತರ ಈ ಬರಹ.

ನಿರ್ದೇಶಕಿಯ ಹತ್ತಿರ ಪೂರ್ತಿ ಸಿನಿಮಾ ಇದ್ದ ಡಬ್ಬಿ ಈಗ ತೆರೆಯುತ್ತಿಲ್ಲವಂತೆ. ಸೌಂಡಿನವ ರಿಪೇರಿ ಮಾಡುತ್ತೇನೆಂದು ಸವದತ್ತಿಗೆ ಒಯ್ದಿದ್ದಾನೆ. ರಿಪೇರಿಯಾದರೆ ಆಗಲಿ. ಅಲ್ಲಿಯವರೆಗೆ ಆ ಇಪ್ಪತ್ತೆರಡು ಸೆಕೆಂಡು ಇರುವುದು ಈ ಹಾಳೆಗಳಲ್ಲಿ ಮಾತ್ರ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತಗಡಿನ ಟ್ರಂಕಿನಲ್ಲಿ ಅರಿವೆಗಳ ಕೆಳಗೆ ಇಡಿ. ಮುಚ್ಚಳ ಸರಿಯಾಗಿ ಹಾಕಿ. ಇಲಿಗಳೂ ಕತ್ತರಿಸುವ ಮುಂಚೆ ಯಾರನ್ನೂ ಕರೆದು ಕೇಳುವುದಿಲ್ಲ.